ಬಾಡಿಗೆಯ ಮನೆಯಲ್ಲಿ ಬಿಡುವು ಯಾರಿಗೆ?



ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಒಕ್ಕಲು ಮನೆತನಗಳಲ್ಲಿ ಈಚೆಗೆ ಹೊಸ ರೂಢಿಯೊಂದು ಬೆಳೆದು ಬಂದಿದೆ. ಮೇ ತಿಂಗಳಲ್ಲಿ ಮಕ್ಕಳಿಗೆ ಶಾಲೆಯಿಲ್ಲ. ಕಬ್ಬಿನ ಹಂಗಾಮು ಮುಗಿದಿರುತ್ತದೆ. ರೋಹಿಣಿ ಮಳೆಗೆ ಇನ್ನೂ ಕೆಲವು ದಿನಗಳಿರುತ್ತವೆ. ಆಗ ಅಜ್ಜ-ಅಜ್ಜಿಯರಿಂದ ಮೊದಲ್ಗೊಂಡು ಎಳೆಗೂಸಿನವರೆಗೆ ಮೂರು ತಲೆಮಾರಿನವರು ಒಂದೇ ವಾಹನದಲ್ಲಿ ಕುಳಿತು ಬೆಳಗಾವಿ, ಜಾಂಬೋಟಿ, ಕಣಕುಂಬಿಗಳನ್ನು ದಾಟಿ, ಚೋರ್ಲಾ ಘಟ್ಟವನ್ನಿಳಿದು ಪಣಜಿಗೆ ಹೋಗುತ್ತಾರೆ. ಅಲ್ಲಿ ಮಾಂಡವಿ ನದಿಗೆ ಮುಖಮಾಡಿದ ಬಹುಮಹಡಿ ಕಟ್ಟಡವೊಂದರಲ್ಲಿ ನಾಲ್ಕು ದಿನಗಳ ಮಟ್ಟಿಗೆ ಬಾಡಿಗೆಯ ಮನೆ ಹಿಡಿಯುತ್ತಾರೆ. ಮಾಂಡವಿಯೆಂದರೆ ಪರನದಿಯೇನಲ್ಲ, ನಮ್ಮ ಜಿಲ್ಲೆಯ ಖಾನಾಪುರ ತಾಲೂಕಿನ ಅಡವಿಯಲ್ಲಿ ಹುಟ್ಟುವ ಮಹಾದಾಯಿಯೇ ಅದು. ಘಟಪ್ರಭೆಯ ದಂಡೆಯಲ್ಲಿ ಬಾಳಿ, ನೀರೆಲ್ಲ ಮೂಡಣಕ್ಕೇ ಹರಿಯುವುದೆಂದು ಬಗೆದ ಹಿರಿಯರಿಗೆ ಪಡುವಣಕ್ಕೆ ಹರಿದು ಕಡಲು ಸೇರುವ ಹೊಳೆಯನ್ನು ಕಾಣುವುದೇ ಒಂದು ಸೋಜಿಗ. ಹೋಗಿ ನೋಡಿ ಬರಲಿ. ಅದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ.

ಸನ್ಯಾಸಿಗೇಕೆ ಸಂಸಾರಿಗಳ ಪ್ರವಾಸದ ಗೊಡವೆ ಎಂದು ನೀವು ನಗಬಹುದು. ಒಂದೇ ವಾಹನದಲ್ಲಿ ನಗುನಗುತ್ತ ಹೋದ ಅಣ್ಣತಮ್ಮಂದಿರು ಮರಳಿ ಬಂದ ಮೇಲೆ ಮಾತು ಬಿಟ್ಟ ಸಂಗತಿ ನಮ್ಮ ಕಿವಿಗೆ ಬಿದ್ದುದು ಒಂದೆರಡು ಸಲವಲ್ಲ. ಆದುದರಿಂದ ಇದು ವಿಚಾರಣೀಯ.

ಊರಿನ ಮನೆಯಲ್ಲಿ ಪಡಸಾಲೆ ಯಜಮಾನನದು, ಅಡಿಗೆಮನೆ ಹೆಂಗಸರದು, ಬಾಗಿಲ ಮುಂದಿನ ಕಟ್ಟೆ ಮುದುಕರದು. ಇದೇಕೆ ಹೀಗೆಂದು ಕೇಳಿದರೆ, ಹಿಂದಿನಿಂದ ನಡೆದು ಬಂದದ್ದು ಎಂಬ ಉತ್ತರ ಸಿದ್ಧವಾಗಿದೆ. ಬಾಡಿಗೆಯ ಮನೆಯಲ್ಲಿ ಆ ಉತ್ತರಕ್ಕೆ ಎಡೆಯಿಲ್ಲ. ಅದಕ್ಕೆ ಹಿಂದೆಂಬುದೇ ಇಲ್ಲ. ಅಲ್ಲಿ ಕಾಲಿಟ್ಟವರೆಲ್ಲರೂ ಸಮಾನವಾಗಿ ಪರಕೀಯರು. ಅಲ್ಲಿಯೂ ಮೇಲುಕೀಳಿನ ಏರ್ಪಾಡು ತಲೆಯೆತ್ತಿದರೆ, ಅದನ್ನು ಗಂಟುಮೂಟೆಗಳೊಡನೆ ನಾವೇ ಹೊತ್ತು ತಂದೆವೆಂದು ಒಪ್ಪಬೇಕಾಗುತ್ತದೆ.

ನಮ್ಮ ಜನ ವಸತಿಗೃಹವನ್ನು ಬಿಟ್ಟು ಅಡಿಗೆಮನೆಯುಳ್ಳ ಬಾಡಿಗೆಯ ಮನೆಯನ್ನೇ ಅರಸುವುದಕ್ಕೆ ಕಾರಣವುಂಟು. ಮೀನಿನ ನಾಡಿನಲ್ಲಿ ಶಾಕಾಹಾರಿ ಕುಟುಂಬಕ್ಕೆ ಹೋದಲ್ಲೆಲ್ಲ ಒಗ್ಗುವ ಊಟ ಸಿಕ್ಕೀತೆಂಬ ಭರವಸೆಯಿಲ್ಲ. ಕಾರಣ ಯೋಗ್ಯವಾದುದೇ. ಆದರೆ ಪರಿಣಾಮವೇನು? ಹೊಳೆಯನ್ನು ನೋಡುತ್ತ ಎಲ್ಲರೂ ಚಹಾ ಕುಡಿಯುವಾಗ ತಾಯಿ ಗುರುತಿಲ್ಲದ ಒಲೆಯ ಮುಂದೆ ನಿಂತು, ಸಕ್ಕರೆ ಎಲ್ಲಿದೆ, ಹಾಲು ಯಾರು ತರುವರು ಎಂದು ತಡಕಾಡುತ್ತಾಳೆ. ಮನೆಯಿಂದ ಕಟ್ಟಿಕೊಂಡು ಬಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎರಡನೆಯ ದಿನಕ್ಕೇ ತೀರುತ್ತವೆ. ಇಡೀ ಕುಟುಂಬದ ಆಹಾರನಿಯಮವನ್ನು ಒಬ್ಬಳ ರಟ್ಟೆಯ ಬಲದ ಮೇಲೆ ಕಾಪಾಡಿಕೊಳ್ಳುವುದು ನಿಯಮನಿಷ್ಠೆ ಹೇಗಾದೀತು?

ಬಿಡುವಿಗಾಗಿಯೇ ನಾವು ದುಡಿಯುತ್ತೇವೆಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಬಗೆದನು. ಅವನ ಮತದಲ್ಲಿ ಬಿಡುವೆಂದರೆ ಸೋಮಾರಿತನವಲ್ಲ, ಚಿಂತನೆಗೆ ತೆರೆದ ಹೊತ್ತು. ಮಾತು ಉದಾತ್ತವಾದುದು. ಆದರೆ ಆ ಹೊತ್ತನ್ನು ಅವನ ನಗರಕ್ಕೆ ಒದಗಿಸಿಕೊಟ್ಟವರು ಗುಲಾಮರು. ಗುಲಾಮಗಿರಿಯನ್ನು ಆತನು ಸಮರ್ಥಿಸಿಯೂ ಇದ್ದಾನೆ. ಹನ್ನೆರಡನೆಯ ಶತಮಾನದ ಶರಣರು ಬೇರೆ ದಾರಿ ಹಿಡಿದರು. ಕಾಯಕದಿಂದ ಯಾರಿಗೂ, ಗುರುವಿಗೂ ಸಹ, ವಿನಾಯಿತಿಯಿಲ್ಲವೆಂದರು. ಕಾಯಕವು ಎಲ್ಲರಿಗೂ ಸಮಾನವಾದರೆ ಬಿಡುವೂ ಸಮಾನವಾಗಬೇಕೆಂಬುದು ಅದರಿಂದಲೇ ಹೊರಡುವ ತರ್ಕ. ನಾವು ಮೊದಲರ್ಧವನ್ನು ವೇದಿಕೆಯ ಮೇಲೆ ಸಾರಿ, ಉಳಿದರ್ಧವನ್ನು ಅಡಿಗೆಮನೆಯ ಬಾಗಿಲಲ್ಲಿ ಬಿಟ್ಟಿದ್ದೇವೆ.

ನನಗೆ ಅಡಿಗೆಯಲ್ಲೇ ಸಂತೋಷ ಎಂದು ಆ ತಾಯಿಯೇ ಹೇಳುವಳಲ್ಲ, ಎಂದು ಕೆಲವರು ವಾದಿಸುತ್ತಾರೆ. ಆಕೆಯ ಮಾತನ್ನು ಸುಳ್ಳೆನ್ನಲು ನಾವಾರು? ಆದರೆ ಪರೀಕ್ಷೆಯೊಂದಿದೆ. ಇಂದು ನಾನು ಒಲೆ ಹೊತ್ತಿಸುವುದಿಲ್ಲ ಎಂದು ಆಕೆ ಹೇಳಿದರೆ ಆ ಮನೆಯಲ್ಲಿ ಯಾರ ಮುಖವೂ ಬಾಡದಿದ್ದರೆ, ಆಕೆಯ ಸಂತೋಷ ಸ್ವತಂತ್ರವಾದುದು. ಇಲ್ಲವಾದರೆ ಅದು ಅಭ್ಯಾಸ. ಅಭ್ಯಾಸವು ಸಂತೋಷದ ವೇಷ ಹಾಕುವುದುಂಟು.

ಅಜ್ಜನ ಪಾಡು ಇನ್ನೊಂದು ತೆರ. ಏಳನೆಯ ಅಂತಸ್ತಿನಲ್ಲಿ ಕಟ್ಟೆಯಿಲ್ಲ, ಹಾದು ಹೋಗುವವರಿಲ್ಲ, ಕನ್ನಡದಲ್ಲಿ ಕರೆದು ಮಾತನಾಡಿಸುವವರಿಲ್ಲ. ಮಕ್ಕಳು ಸಂಜೆ ಮಿರಾಮಾರ್ ದಂಡೆಗೆ ಹೊರಟಾಗ, ಮಲಗಿದ ಕೂಸನ್ನು ನೋಡಿಕೊಂಡಿರಿ ಎನ್ನುತ್ತಾರೆ. ಗೌರವದಿಂದಲೇ ಎನ್ನುತ್ತಾರೆ. ಕರೆತಂದದ್ದು ಕಡಲು ತೋರಿಸಲಿಕ್ಕೋ ಕೂಸು ಕಾಯಿಸಲಿಕ್ಕೋ ಎಂದು ಅಜ್ಜ ಕೇಳುವುದಿಲ್ಲ. ಕೇಳದಿರುವುದು ಆತನ ದೊಡ್ಡತನ.

ಬಾಡಿಗೆ ಕೊಟ್ಟವನೇ ಯಜಮಾನನಾಗುವ ವಿಷಯದಲ್ಲಿ ಹೆಚ್ಚು ಬರೆಯಬೇಕಾಗಿಲ್ಲ. ಕೊಟ್ಟೆನೆಂಬ ಭಾವ ಅಳಿದಾಗ ಮಾತ್ರ ದಾಸೋಹ, ಉಳಿದುದು ಲೆಕ್ಕಾಚಾರ. ಆರು ಮಂದಿಯೆಂದು ಬರೆಸಿ ಹನ್ನೊಂದು ಮಂದಿ ಒಳಹೊಗುವುದೂ ಅದೇ ಲೆಕ್ಕಾಚಾರದ ಇನ್ನೊಂದು ಮುಖ. ಮಕ್ಕಳು ಅದನ್ನು ನೋಡುತ್ತಿರುತ್ತಾರೆ.

ಇನ್ನೊಂದು ಸಂಗತಿ ಹೆಚ್ಚು ಕಾಡುತ್ತದೆ. ಮನೆಯವರೆಲ್ಲ ಹೋಗಿದ್ದೆವು ಎನ್ನುತ್ತಾರಲ್ಲ, ಹಟ್ಟಿಯಲ್ಲಿಯ ಎಮ್ಮೆಗಳ ಹಾಲು ಹಿಂಡಿದವರು ಯಾರು? ಬೇಸಿಗೆಯ ಕಬ್ಬಿಗೆ ನೀರು ಬಿಟ್ಟವರು ಯಾರು? ಕಿರಿಯ ತಮ್ಮನೊಬ್ಬ, ಇಲ್ಲವೆ ಆಳುಮಗ. ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಹೊತ್ತು ಹೋಗುತ್ತಿದ್ದ ಕಾಲದಲ್ಲಿ ಭೂಮಿಗೆ ಚರಗ ಚೆಲ್ಲಿ, ಆಳುಮಗನನ್ನೂ ಪಂಕ್ತಿಗೆ ಕರೆದು ಉಣ್ಣುತ್ತಿದ್ದರು. ಹಿಂದಿನದೆಲ್ಲ ಚೆನ್ನವೆಂದು ನಾವು ಹೇಳುತ್ತಿಲ್ಲ. ಆ ಬುತ್ತಿಗಾಗಿ ಹೆಂಗಸರು ನಡುರಾತ್ರಿಯಲ್ಲೇ ಏಳುತ್ತಿದ್ದರು. ಆದರೂ ಎಲ್ಲರೂ ಎಂಬ ಮಾತಿನ ಅರ್ಥ ಅಂದು ಇಷ್ಟು ಕಿರಿದಾಗಿರಲಿಲ್ಲ.

ಮೂಡಲಗಿ ಕಡೆಯ ಮನೆತನವೊಂದರಲ್ಲಿ ಕಳೆದ ಬೇಸಿಗೆಯಲ್ಲಿ ಎರಡನೆಯ ದಿನವೇ ಹಿರಿಯ ಮಗ ಬಸ್ಸಿನಲ್ಲಿ ಊರಿಗೆ ಮರಳಿ, ಹಟ್ಟಿಯನ್ನು ತಾನು ನೋಡಿಕೊಂಡು, ತಮ್ಮನನ್ನು ಪಣಜಿಗೆ ಕಳಿಸಿದನಂತೆ. ಕೇಳಿ ಹಿಗ್ಗಿದೆವು. ಆಳುಮಗನ ಸರದಿ ಎಂದು ಎಂದು ವಿಚಾರಿಸಿದೆವು. ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. "ಅದನ್ನ ನಾವು ವಿಚಾರ ಮಾಡಿರಲಿಲ್ರಿ, ಅಪ್ಪಾರ" ಎಂದರು.