ಪದದ ಮೂಲ, ಪದದ ಬಾಳು

ಬೆಳಗಾವಿಯಿಂದ ಬಾಗಲಕೋಟೆ ಕಡೆ ಹೋಗುವ ರಸ್ತೆಯಲ್ಲಿರುವ ಸಾಂಬ್ರಾ ಕಡಲಿನಿಂದ ದೂರದ ಬಯಲೂರು. 1942ರಲ್ಲಿ ಬ್ರಿಟಿಷರ ರಾಯಲ್ ಏರ್‌ಫೋರ್ಸ್ ಇಲ್ಲಿ ವಿಮಾನ ನಿಲ್ದಾಣ ಕಟ್ಟಿತು. ಇಂದು ಇಲ್ಲಿ ನಾಗರಿಕ ವಿಮಾನಗಳು ಬಂದು ಹೋಗುತ್ತವೆ, ಪಕ್ಕದಲ್ಲೇ ವಾಯುಪಡೆಯ ತರಬೇತಿ ಶಾಲೆಯಿದೆ. ಈ ಬಯಲಿನಲ್ಲಿ ದಿನವೂ ಕೇಳುವ ಇಂಗ್ಲಿಷ್ ಪದಗಳಲ್ಲಿ ಹಲವು ಕಡಲಿನವು. ‘ಪೈಲಟ್’ ಎಂಬುದರ ಬೇರು ಹಡಗಿನ ಚುಕ್ಕಾಣಿಗೆ ಗ್ರೀಕರು ಇಟ್ಟಿದ್ದ ಹೆಸರಿನಲ್ಲಿದೆ. ‘ಏರ್‌ಪೋರ್ಟ್’ನಲ್ಲಿರುವ ‘ಪೋರ್ಟ್’ ಎಂದರೆ ಬಂದರು. ‘ಕಾಕ್‌ಪಿಟ್’ ಮೊದಲು ಹುಂಜಗಳ ಕಾಳಗ ನಡೆಯುವ ಕುಣಿಯಾಗಿತ್ತು. ಆಮೇಲೆ ಯುದ್ಧನೌಕೆಯ ಕೆಳ ಅಂತಸ್ತಿನಲ್ಲಿ ಗಾಯಾಳುಗಳನ್ನು ಮಲಗಿಸುವ ಜಾಗವಾಯಿತು, ಸಣ್ಣ ದೋಣಿಗಳಲ್ಲಿ ಚುಕ್ಕಾಣಿ ಹಿಡಿದವನು ಕೂರುವ ತಗ್ಗಾಯಿತು, ಮೊದಲ ಮಹಾಯುದ್ಧದ ಹೊತ್ತಿಗೆ ವಿಮಾನ ಏರಿತು.

ಕನ್ನಡದ ‘ವಿಮಾನ’ವೂ ಹೀಗೆಯೇ ಜಾಗ ಬದಲಿಸಿದೆ. ಅಳೆಯುವುದು ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದ ಈ ಪದ ಪುರಾಣಗಳಲ್ಲಿ ದೇವತೆಗಳ ರಥ. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಕದಂಬರ ಕಾಲದ ಗುಡಿಗಳನ್ನು ನೋಡಲು ಹೋದ ವಾಸ್ತುತಜ್ಞರಿಗೆ ಅದು ಶಿಖರ ಸಹಿತವಾದ ಗರ್ಭಗುಡಿ, ಸಾಂಬ್ರಾದ ಪ್ರಯಾಣಿಕರಿಗೆ ಬೆಂಗಳೂರಿಗೆ ಒಯ್ಯುವ ವಾಹನ. ಒಂದೇ ಜಿಲ್ಲೆಯಲ್ಲಿ ಎರಡೂ ಅರ್ಥಗಳು ಬದುಕಿವೆ, ಯಾರಿಗೂ ಗೊಂದಲವಾಗಿಲ್ಲ.

ಹಾಗಾದರೆ ಪದವೊಂದರ ನಿಜವಾದ ಅರ್ಥ ಎಲ್ಲಿರುತ್ತದೆ: ಅದು ಹುಟ್ಟಿದಲ್ಲೋ, ಈಗ ಆಡುವವರ ಬಾಯಲ್ಲೋ?

ಮೂಲದಲ್ಲೇ ಇದೆ ಎಂಬ ನಂಬಿಕೆ ಬಹಳ ಹಳೆಯದು. ಪದಮೂಲ ಶೋಧನೆಗೆ ಇಂಗ್ಲಿಷಿನಲ್ಲಿರುವ ‘ಎಟಿಮಾಲಜಿ’ ಎಂಬ ಹೆಸರೇ ‘ನಿಜಾರ್ಥ’ವನ್ನು ಹೇಳುವ ಗ್ರೀಕ್ ಪದದಿಂದ ಬಂದದ್ದು. ಪ್ಲೇಟೋನ ‘ಕ್ರಾಟಿಲಸ್’ ಸಂವಾದದಲ್ಲಿ ವಸ್ತುವಿಗೂ ಹೆಸರಿಗೂ ಸಹಜ ನಂಟಿದೆ ಎಂದು ಒಬ್ಬ ವಾದಿಸುತ್ತಾನೆ, ಹೆಸರೆಂಬುದು ಜನರ ಒಪ್ಪಂದ ಮಾತ್ರ ಎಂದು ಇನ್ನೊಬ್ಬ. ಭಾರತದ ಶಾಸ್ತ್ರಕಾರರು ಇದಕ್ಕೆ ಹೆಚ್ಚು ಸ್ಪಷ್ಟವಾದ ಉತ್ತರ ಕೊಟ್ಟಿದ್ದಾರೆ. ಪದವನ್ನು ಬಿಡಿಸಿದಾಗ ಸಿಗುವ ಅರ್ಥ ‘ಯೋಗ’, ಬಳಕೆಯಲ್ಲಿ ನಿಂತ ಅರ್ಥ ‘ರೂಢಿ’. ಎರಡಕ್ಕೂ ವಿರೋಧ ಬಂದರೆ ರೂಢಿಯೇ ಬಲವುಳ್ಳದ್ದು ಎಂಬುದು ಮೀಮಾಂಸಕರ ನಿಲುವು. ಕೆಸರಿನಲ್ಲಿ ಹುಟ್ಟುವುದು ಎಷ್ಟೋ ಇದ್ದರೂ ‘ಪಂಕಜ’ ತಾವರೆ ಮಾತ್ರ.

ಮೂಲವೇ ಪ್ರಮಾಣ ಎನ್ನುವವರಿಗೆ ಇನ್ನೊಂದು ತೊಡಕಿದೆ. ಎಲ್ಲಿಗೆ ನಿಂತರೆ ಮೂಲ? ಬೆಳಗಾವಿಯಲ್ಲಿ ತಿಂಗಳ ಮೊದಲ ವಾರ “ಪಗಾರ ಆತೇನ್ರಿ?” ಎಂದು ಕೇಳುವವರು ಗೋವಾದ ಪೋರ್ಚುಗೀಸರ ಪದವನ್ನು ಆಡುತ್ತಿರುತ್ತಾರೆ. ಪೋರ್ಚುಗೀಸಿನಲ್ಲಿ ‘ಪಗಾರ್’ ಎಂದರೆ ಹಣ ಸಲ್ಲಿಸು. ಅದರ ಹಿಂದಿರುವ ಲ್ಯಾಟಿನ್ ಕ್ರಿಯಾಪದಕ್ಕೆ ಸಮಾಧಾನಪಡಿಸು ಎಂಬ ಅರ್ಥವಿತ್ತು. ಅದರ ಹಿಂದೆ ಶಾಂತಿ ಎಂಬರ್ಥದ ‘ಪಾಕ್ಸ್’ ಇದೆ. ಅದೇ ಬೇರು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಹೋಗಿ ‘ಪೇ’ ಆಯಿತು, ‘ಪೀಸ್’ ಕೂಡ ಆಯಿತು. ಹೀಗೆ ಇಂಗ್ಲಿಷಿನ ‘ಪೇಮೆಂಟ್’ ಮತ್ತು ಬೆಳಗಾವಿಯ ‘ಪಗಾರ’ ದಾಯಾದಿಗಳು. ಈ ಸರಣಿಯಲ್ಲಿ ಯಾವ ಮೆಟ್ಟಿಲನ್ನು ಮೂಲ ಎಂದು ಕರೆಯಬೇಕು? ನಾವು ಮೂಲ ಎನ್ನುವುದು ಬಹಳ ಸಲ ನಮ್ಮ ದಾಖಲೆಗಳು ಮುಗಿಯುವ ಜಾಗವಷ್ಟೇ.

ಬೆಳಗಾವಿ, ಖಾನಾಪುರದ ಹೊಲಗಳಲ್ಲಿ ಆಲೂಗಡ್ಡೆಯನ್ನೂ ಗೆಣಸನ್ನೂ ಬೆಳೆಯುತ್ತಾರೆ. ಆಲೂಗಡ್ಡೆಗೆ ಈ ಕಡೆ ‘ಬಟಾಟಿ’ ಎಂದೇ ಹೆಸರು. ಕೆರಿಬಿಯನ್ ದ್ವೀಪವಾಸಿಗಳ ನುಡಿಯಲ್ಲಿ ‘ಬಟಾಟಾ’ ಎಂದರೆ ಗೆಣಸು. ಯುರೋಪಿನವರು ಅದನ್ನು ಒಯ್ದು, ಆಮೇಲೆ ದಕ್ಷಿಣ ಅಮೆರಿಕದಿಂದ ಬಂದ ಆಲೂಗಡ್ಡೆಗೂ ಹಚ್ಚಿದರು. ಇಂಗ್ಲಿಷಿನ ‘ಪೊಟ್ಯಾಟೋ’ ಕೂಡ 16ನೇ ಶತಮಾನದಲ್ಲಿ ಮೊದಲು ಗೆಣಸಿನ ಹೆಸರೇ. ಆದರೂ ಬಟಾಟಿ ಕೇಳಿದವರ ಚೀಲಕ್ಕೆ ವ್ಯಾಪಾರಿ ಗೆಣಸು ಹಾಕಿದರೆ ಕೊಂಡವರು ಒಪ್ಪುವುದಿಲ್ಲ. ಅವರು ಒಪ್ಪದಿರುವುದೇ ಸರಿ. ರೂಢಿ ಎಂದರೆ ಒಬ್ಬೊಬ್ಬರ ಮನಬಂದಂತೆ ನಡೆಯುವುದಲ್ಲ. ಅದು ಇಡೀ ಸಮುದಾಯ ಕಾಯ್ದುಕೊಳ್ಳುವ ಕಟ್ಟುಪಾಡು.

ಈ ವಾದದ ನೈತಿಕ ತೂಕ ‘ಕೂಲಿ’ಯಲ್ಲಿ ಕಾಣುತ್ತದೆ. ಇಂಗ್ಲಿಷಿಗೆ ಸೇರಿದ ಈ ಪದದ ಬಗ್ಗೆ ಎರಡು ಅಭಿಪ್ರಾಯಗಳಿವೆ: ಗುಜರಾತಿನ ಕೋಳಿ ಸಮುದಾಯದ ಹೆಸರು ಎನ್ನುವುದೊಂದು, ಕನ್ನಡ, ತಮಿಳುಗಳಲ್ಲಿರುವ ‘ಕೂಲಿ’ ಎನ್ನುವುದು ಇನ್ನೊಂದು. ಕನ್ನಡದಲ್ಲಿ ಕೂಲಿ ಎಂದರೆ ದುಡಿದದ್ದಕ್ಕೆ ಸಿಗುವ ಹಣ. 1860ರಿಂದ ಕರಾರಿನ ಮೇಲೆ ಭಾರತೀಯರನ್ನು ಸಾಗಿಸಿಕೊಂಡ ನಟಾಲ್‌ನಲ್ಲಿ ಅದು ಭಾರತೀಯರೆಲ್ಲರ ಮೇಲೆ ಎಸೆದ ಬೈಗುಳವಾಯಿತು. 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದ ಗಾಂಧಿಯವರನ್ನು ಅಲ್ಲಿ ‘ಕೂಲಿ ಬ್ಯಾರಿಸ್ಟರ್’ ಎಂದರು. ಮೂಲದಲ್ಲಿ ತಪ್ಪಿಲ್ಲ ಎಂದು ಹೇಳಿ ಆ ಅವಮಾನವನ್ನು ಅಳಿಸಲಾಗದು. ಗಾಯ ಮಾಡಿದ್ದು ಬಳಕೆ, ಹೊಣೆಯೂ ಬಳಸಿದವರದೇ.

ಹಾಗೆಂದು ಮೂಲದ ಶೋಧ ವ್ಯರ್ಥವಲ್ಲ, ಆದರೆ ಅದಕ್ಕೆ ಎಚ್ಚರ ಬೇಕು. ರೋಮನ್ ಸೈನಿಕರಿಗೆ ಉಪ್ಪನ್ನೇ ಅಳೆದು ಕೊಡುತ್ತಿದ್ದರು, ಅದರಿಂದ ‘ಸ್ಯಾಲರಿ’ ಬಂತು ಎಂಬ ಕತೆ ಎಲ್ಲೆಡೆ ಓಡಾಡುತ್ತದೆ. ಪದಕ್ಕೂ ಉಪ್ಪಿಗೂ ನಂಟಿರುವುದು ನಿಜ, ಉಪ್ಪೇ ಸಂಬಳವಾಗಿತ್ತು ಎನ್ನಲು ಪ್ರಾಚೀನ ಆಧಾರವಿಲ್ಲ. ಎಚ್ಚರದಿಂದ ಹುಡುಕಿದರೆ ಪದಗಳು ದೊಡ್ಡ ಸಾಕ್ಷಿ ಹೇಳುತ್ತವೆ. ಗೋವಾ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಘಟ್ಟದ ಆಚೆಗೂ ಈಚೆಗೂ ವ್ಯಾಪಾರಿಗಳು, ಕೂಲಿಯವರು ಓಡಾಡಿದ ಚರಿತ್ರೆ ‘ಪಗಾರ’, ‘ಚಾವಿ’, ‘ಬಟಾಟಿ’ಗಳಲ್ಲಿ ಉಳಿದಿದೆ. ಮೂಲ ಸಾಕ್ಷಿ ಹೇಳಬಲ್ಲದು, ತೀರ್ಪು ಕೊಡಲಾರದು.

ಕನ್ನಡ, ಮರಾಠಿ, ಕೊಂಕಣಿ, ಉರ್ದು ಒಂದೇ ಸಂತೆಯಲ್ಲಿ ಬೆರೆಯುವ ಬೆಳಗಾವಿಗೆ ಈ ವಿವೇಕ ಹೆಚ್ಚು ಬೇಕು. ಶಾಲೆಯ ವ್ಯಾಕರಣ ಪದಗಳನ್ನು ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯ ಎಂದು ವಿಂಗಡಿಸುತ್ತದೆ. ‘ಅನ್ಯದೇಶ್ಯ’ ಎಂಬುದು ಪದ ಎಲ್ಲಿಂದ ಬಂತು ಎಂದು ಹೇಳುತ್ತದೆಯೇ ಹೊರತು ಈಗ ಯಾರದು ಎಂದು ಹೇಳುವುದಿಲ್ಲ. ‘ವೇತನ’ ಸಂಸ್ಕೃತದಿಂದ ಬಂತು, ‘ಪಗಾರ’ ಗೋವಾದಿಂದ ಬಂತು, ಎರಡೂ ಬಂದವೇ. ಈ ಪಾಠ ಮಾಡುವ ಶಿಕ್ಷಕರು ಪಟ್ಟಿ ಬಾಯಿಪಾಠ ಮಾಡಿಸುವ ಬದಲು, ಪ್ರತಿ ಪದ ಯಾವ ದಾರಿಯಲ್ಲಿ ಬಂತು, ದಾರಿಯಲ್ಲಿ ಅರ್ಥ ಹೇಗೆ ಬದಲಾಯಿತು, ಮನೆಯಲ್ಲಿ ಇಂದು ಹೇಗೆ ಬಳಸುತ್ತಾರೆ ಎಂದು ಮಕ್ಕಳಿಂದಲೇ ಹುಡುಕಿಸಬಹುದು. ಉತ್ತರ ಪತ್ರಿಕೆಯಲ್ಲಿ ‘ಪಗಾರ’ ಎಂದು ಬರೆದ ಹುಡುಗಿಯ ಅಂಕ ಕಳೆಯಲು ಆಗ ಯಾವ ಕಾರಣವೂ ಉಳಿಯುವುದಿಲ್ಲ.