ಸಿಲಿಕಾನ್ ಸೇವನೆ ಮತ್ತು ಪ್ರಮಾಣವಿಚಾರ

ಭೂಮಿಯ ಹೊರಪದರದ ತೂಕದಲ್ಲಿ ಕಾಲುಭಾಗಕ್ಕಿಂತ ಹೆಚ್ಚಿರುವ ಸಿಲಿಕಾನ್ ಎಂಬ ಮೂಲಧಾತು, ಮೂಳೆ, ಚರ್ಮ ಹಾಗೂ ಕೂದಲನ್ನು ಬಲಪಡಿಸುತ್ತದೆಂಬ ನಂಬಿಕೆಯಿಂದ ಇಂದು ಪೂರಕ ಆಹಾರವಾಗಿಯೂ ಮಾರಾಟವಾಗುತ್ತಿದೆ. ದೇಹವು ಪೃಥ್ವಿಯೇ ಮೊದಲಾದ ಪಂಚಭೂತಗಳಿಂದಾದುದೆಂದೂ, ಅನ್ನಮಯ ಕೋಶ, ಎಂದರೆ ಅನ್ನದಿಂದ ರೂಪುಗೊಂಡ ಸ್ಥೂಲಶರೀರ, ಆತ್ಮದ ಹೊರ ಆವರಣವೆಂದೂ ತಿಳಿಯುವ ಭಾರತೀಯ ಚಿಂತನೆಗೆ, ಮಣ್ಣಿನ ಧಾತು ದೇಹಕ್ಕೆ ಬೇಕೆಂಬ ಮಾತು ಅಪರಿಚಿತವೆನಿಸದು. ಆದರೆ ಪರಿಚಿತವೆನಿಸಿದ್ದೆಲ್ಲ ಪ್ರಮಾಣಸಿದ್ಧವೇ ಎಂಬುದು ಇಲ್ಲಿಯ ಪ್ರಶ್ನೆ.

1972ರಲ್ಲಿ, ವಿಜ್ಞಾನಿಗಳಾದ ಎಡಿತ್ ಕಾರ್ಲೈಲ್ ಕೋಳಿಮರಿಗಳ ಮೇಲೂ ಕ್ಲಾಸ್ ಶ್ವಾರ್ಜ್ ಇಲಿಗಳ ಮೇಲೂ ನಡೆಸಿದ ಪ್ರಯೋಗಗಳು ಪ್ರಕಟವಾದವು. ಸಿಲಿಕಾನ್ ಕೊರತೆಯ ಆಹಾರ ತಿಂದ ಪ್ರಾಣಿಗಳ ಬೆಳವಣಿಗೆ ಕುಂಠಿತವಾದುದನ್ನು ಅವು ತೋರಿಸಿದವು. ಇದರಿಂದ ಮನುಷ್ಯನು ಸಿಲಿಕಾನನ್ನು ಹೆಚ್ಚು ಸೇವಿಸಿದಷ್ಟೂ ಆರೋಗ್ಯ ಹೆಚ್ಚುವುದೆಂದು ಊಹಿಸಿದರೆ, ನ್ಯಾಯದರ್ಶನವು ವ್ಯಾಪ್ತಿಯೆಂದು ಕರೆಯುವ, ಹೇತುವಿಗೂ (ಕೊಡುವ ಕಾರಣಕ್ಕೂ) ಸಾಧ್ಯಕ್ಕೂ (ಸಾಧಿಸಬೇಕಾದ ನಿರ್ಣಯಕ್ಕೂ) ನಡುವೆ ಇರಲೇಬೇಕಾದ ತಪ್ಪದ ಸಂಬಂಧ ಅಲ್ಲಿ ದೊರೆಯದು. ಏಕೆಂದರೆ ಕೊರತೆ ಹಾನಿಕರವೆಂಬ ಕಾರಣದಿಂದ ಹೆಚ್ಚಳ ಹಿತಕರವೆಂಬುದು ಸಿದ್ಧಿಸುವುದಿಲ್ಲ. 2001ರಲ್ಲಿ ಈ ವಿಷಯವನ್ನು ಪರಿಶೀಲಿಸಿದ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೂಡ ಸಿಲಿಕಾನಿಗೆ ದೈನಂದಿನ ಅಗತ್ಯದ ಮಟ್ಟವನ್ನು ಗೊತ್ತುಪಡಿಸಲಿಲ್ಲ. ದೇಹವು ಸುಲಭವಾಗಿ ಹೀರಿಕೊಳ್ಳುವ ಆರ್ಥೋಸಿಲಿಸಿಕ್ ಆಮ್ಲ, ಎಂದರೆ ನೀರಿನಲ್ಲಿ ಕರಗಿದ ಸಿಲಿಕಾನ್ ರೂಪ, ಕುಡಿಯುವ ನೀರಿನಲ್ಲೇ ಇದ್ದು, ತೌಡು ತೆಗೆಯದ ಧಾನ್ಯ ಮತ್ತು ಹುರುಳಿಕಾಯಿಗಳಿಂದಲೂ ಸಿಲಿಕಾನ್ ಒದಗುತ್ತದೆ.

ಭಗವದ್ಗೀತೆಯ 6ನೆಯ ಅಧ್ಯಾಯ ಬೋಧಿಸುವ ಯುಕ್ತಾಹಾರ, ಎಂದರೆ ಅಗತ್ಯಕ್ಕೆ ತಕ್ಕ ಮಿತವಾದ ಆಹಾರ, ದೇಹವನ್ನು ಕಡೆಗಣಿಸುವುದೂ ಇಲ್ಲ, ಆರಾಧಿಸುವುದೂ ಇಲ್ಲ. ಆದುದರಿಂದ ವಿವೇಕಿಯಾದವನು ಮೊದಲು ತನ್ನ ನಿತ್ಯದ ಅನ್ನವನ್ನು ಸರಿಪಡಿಸಿಕೊಳ್ಳಬೇಕು. ಮೂತ್ರಪಿಂಡದ ಕಾಯಿಲೆಯುಳ್ಳವರಂತೂ ವೈದ್ಯರ ಸಲಹೆಯಿಲ್ಲದೆ ಇಂತಹ ಪೂರಕಗಳನ್ನು ಸೇವಿಸಬಾರದು.