ಕೈಚೀಲದ ಭಾರ ಯಾರ ಹೆಗಲಿಗೆ?

ಹಂಗೇರಿಯ ಗಣಿತಜ್ಞ ಪಾಲ್ ಎರ್ಡೋಶ್ ಬದುಕಿನ ಬಹುಪಾಲನ್ನು ಸ್ವಂತ ಮನೆಯಿಲ್ಲದೆ, ಕಾಯಂ ಹುದ್ದೆಯಿಲ್ಲದೆ ಕಳೆದರು. ಕಾರು ಓಡಿಸಲು ಬರುತ್ತಿರಲಿಲ್ಲ, ಅಡುಗೆಯಂತೂ ಗೊತ್ತೇ ಇರಲಿಲ್ಲ. 1913ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, 1996ರಲ್ಲಿ ಗಣಿತದ ಸಭೆಯೊಂದಕ್ಕೆಂದು ವಾರ್ಸಾಗೆ ಹೋಗಿದ್ದಾಗ ಅಲ್ಲೇ ತೀರಿಕೊಂಡರು. ಈ ನಡುವಿನ ದಶಕಗಳಲ್ಲಿ ಅವರ ಆಸ್ತಿಯೆಂದರೆ ಒಂದೆರಡು ಪೆಟ್ಟಿಗೆಗಳಲ್ಲಿ ಹಿಡಿಯುವಷ್ಟು ಬಟ್ಟೆ ಮತ್ತು ಟಿಪ್ಪಣಿ ಪುಸ್ತಕಗಳು. ಒಂದು ಊರಿನಲ್ಲಿ ಇಳಿಯುವುದು, ಪರಿಚಯದ ಗಣಿತಜ್ಞರ ಮನೆ ಸೇರುವುದು, ಅವರ ಜೊತೆ ಕೂತು ಒಂದು ಸಮಸ್ಯೆಯನ್ನು ಬಿಡಿಸುವುದು, ಮತ್ತೆ ಹೊರಡುವುದು. ಹೀಗೆ ಸುಮಾರು 1,500 ಸಂಶೋಧನಾ ಪ್ರಬಂಧಗಳು ಹುಟ್ಟಿದವು. ಅವರೊಡನೆ ಸೇರಿ ಬರೆದವರ ಸಂಖ್ಯೆ ಐನೂರನ್ನು ದಾಟುತ್ತದೆ.

ವಸ್ತುಗಳನ್ನು ಕಳಚಿಕೊಂಡು ತಿರುಗುತ್ತ ದುಡಿಯುವ ಬದುಕನ್ನು ಹೊಗಳುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗಲಾರದು. ಮನೆ, ಬೀರು, ಬಾಡಿಗೆ ಕರಾರು, ಗೃಹಸಾಲದ ಕಂತು ಇವೆಲ್ಲ ಮನಸ್ಸನ್ನು ತಿನ್ನುತ್ತವೆ, ಇವನ್ನು ಬಿಟ್ಟವನಿಗೆ ಕೆಲಸಕ್ಕೂ ಚಿಂತನೆಗೂ ಜಾಗ ಸಿಗುತ್ತದೆ ಎಂಬ ವಾದದಲ್ಲಿ ಸತ್ಯವಿದೆ. ಆದರೆ ಎರ್ಡೋಶ್ ಬದುಕನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಸತ್ಯವೂ ಕಾಣುತ್ತದೆ. ಅವರ ಬಳಿ ಇರದಿದ್ದ ವಸ್ತುಗಳು ಲೋಕದಲ್ಲಿ ಇಲ್ಲದೇ ಹೋಗಿರಲಿಲ್ಲ. ಅವು ಬೇರೆಯವರ ಬಳಿ ಇದ್ದವು.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಗಣಿತಜ್ಞ ರಾನ್ ಗ್ರಹಾಂ ಅವರು ಎರ್ಡೋಶ್‌ಗೆ ಬರುವ ಚೆಕ್ಕುಗಳನ್ನು ಬ್ಯಾಂಕಿಗೆ ಕಟ್ಟುತ್ತಿದ್ದರು, ಅವರ ಪರವಾಗಿ ಬಿಲ್ಲು ತೀರಿಸುತ್ತಿದ್ದರು, ಅವರ ಪ್ರಬಂಧಗಳ ಪ್ರತಿಗಳನ್ನು ಜೋಪಾನವಾಗಿ ಇಟ್ಟಿದ್ದರು. ತಮ್ಮ ಮನೆಯಲ್ಲಿ ಅವರಿಗೆಂದೇ ಒಂದು ಕೋಣೆಯನ್ನೂ ಮಾಡಿಸಿದ್ದರು. ಹೋದ ಊರುಗಳಲ್ಲೆಲ್ಲ ಆತಿಥ್ಯ ಕೊಟ್ಟ ಮನೆಯವರು ಊಟ ಹಾಕಿದರು, ಬಟ್ಟೆ ಒಗೆಸಿದರು, ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದರು. ಎರ್ಡೋಶ್‌ಗೆ ಒಲೆ ಬೇಕಿರಲಿಲ್ಲ ಎನ್ನುವುದಕ್ಕಿಂತ, ನೂರಾರು ಊರುಗಳಲ್ಲಿ ಅವರಿಗಾಗಿ ಒಲೆ ಉರಿಯುತ್ತಿತ್ತು ಎನ್ನುವುದು ಸರಿ.

ಆ ಮನೆಗಳವರಿಗೆ ಮೋಸವಾಗಲಿಲ್ಲ ಎಂಬುದು ಇಲ್ಲಿ ಮುಖ್ಯ. ಪಡೆದಂತೆಯೇ ಎರ್ಡೋಶ್ ಧಾರಾಳವಾಗಿ ಕೊಡುತ್ತಲೂ ಇದ್ದರು. 1984ರ ಸುಮಾರಿಗೆ ಬಂದ ವೋಲ್ಫ್ ಪ್ರಶಸ್ತಿಯ 50,000 ಡಾಲರುಗಳಲ್ಲಿ ಎರ್ಡೋಶ್ ತಮಗೆಂದು ಇಟ್ಟುಕೊಂಡದ್ದು 720 ಡಾಲರ್ ಮಾತ್ರ. ತಾವು ಒಡ್ಡಿದ ಸಮಸ್ಯೆಗಳನ್ನು ಬಿಡಿಸಿದವರಿಗೆ ತಮ್ಮ ಕೈಯಿಂದ ಬಹುಮಾನ ಕೊಡುತ್ತಿದ್ದರು. 1970ರ ದಶಕದ ಮಧ್ಯದಲ್ಲಿ ಮದ್ರಾಸಿನ ಕಾಲೇಜು ವಿದ್ಯಾರ್ಥಿ ಕೃಷ್ಣಸ್ವಾಮಿ ಅಲ್ಲಾಡಿ ತಮ್ಮ ಲೆಕ್ಕಗಳ ಬಗ್ಗೆ ಪತ್ರ ಬರೆದಾಗ, ಕಲ್ಕತ್ತದಿಂದ ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಎರ್ಡೋಶ್ ದಾರಿ ಬದಲಿಸಿ ಮದ್ರಾಸಿಗೆ ಬಂದರು. ಆ ಹುಡುಗ ಮುಂದೆ ಸಂಖ್ಯಾಸಿದ್ಧಾಂತದಲ್ಲಿ ಹೆಸರು ಮಾಡಿದ. ಸಾಮಾನು ಕಡಿಮೆಯಿದ್ದುದರ ನಿಜವಾದ ಫಲ ಇದು: ಅಗತ್ಯವಿದ್ದವರ ಕಡೆಗೆ ತಿರುಗಿಕೊಳ್ಳಲು ಅವರಿಗೆ ಒಂದು ಟಿಕೆಟ್ ಬದಲಿಸಿದರೆ ಸಾಕಾಗಿತ್ತು.

ಹಾಗಾದರೆ ಕಡಿಮೆ ವಸ್ತುಗಳಲ್ಲಿ ಬದುಕುವುದನ್ನು ಒಬ್ಬ ವ್ಯಕ್ತಿಯ ಗುಣವೆಂದು ಎಣಿಸುವುದು ತಪ್ಪು. ಅದು ಅಲೆಯುವವನಿಗೂ ನೆಲೆ ನಿಂತವರಿಗೂ ನಡುವಿನ ಒಂದು ಒಪ್ಪಂದ. ಒಪ್ಪಂದವನ್ನು ತೂಗಬೇಕಾದ್ದು ಚೀಲದ ತೂಕದಿಂದಲ್ಲ, ಎರಡೂ ಕಡೆಗೆ ಏನು ಸಂದಿತು ಎಂಬುದರಿಂದ.

ಈ ವಿಷಯದಲ್ಲಿ ಜೈನರಷ್ಟು ಸ್ಪಷ್ಟವಾಗಿ ಯೋಚಿಸಿದವರು ವಿರಳ. ದಿಗಂಬರ ಮುನಿಯ ಬಳಿ ನವಿಲುಗರಿಯ ಪಿಂಛಿ, ನೀರಿಗೊಂದು ಕಮಂಡಲು, ಓದಲು ಶಾಸ್ತ್ರ ಇಷ್ಟೇ ಇರಬಹುದು. ಬಟ್ಟೆಯೂ ಇಲ್ಲ, ತಟ್ಟೆಯೂ ಇಲ್ಲ. ದಿನಕ್ಕೊಮ್ಮೆ ನಿಂತು ಬೊಗಸೆಯಲ್ಲೇ ಆಹಾರ. ಶ್ರವಣಬೆಳಗೊಳದ ದಾರಿಗಳಲ್ಲಿ ಇಂದಿಗೂ ಕಾಲ್ನಡಿಗೆಯ ವಿಹಾರ ಕಾಣಸಿಗುತ್ತದೆ. ಆದರೆ ಈ ಪರಂಪರೆ ಮುನಿಯನ್ನು ಒಂಟಿ ಸಾಹಸಿಯೆಂದು ಎಂದೂ ಚಿತ್ರಿಸಲಿಲ್ಲ. ಮುನಿ, ಸನ್ಯಾಸಿನಿಯಾದ ಆರ್ಯಿಕೆ, ಗೃಹಸ್ಥರಾದ ಶ್ರಾವಕ, ಶ್ರಾವಿಕೆ ನಾಲ್ವರೂ ಸೇರಿದರೇ ಸಂಘ. ಏನೂ ಇಲ್ಲದವನು ಮತ್ತು ಮನೆ, ಹೊಲ, ಅಂಗಡಿ ಇರುವವನು ಒಂದೇ ವ್ಯವಸ್ಥೆಯ ಅಂಗಗಳು ಎಂದು ಅದು ಬಾಯಿಬಿಟ್ಟು ಹೇಳಿತು. ಅಷ್ಟೇ ಅಲ್ಲ, ಅಲೆದಾಟಕ್ಕೆ ಮಿತಿಯನ್ನೂ ಹಾಕಿತು. ಮಳೆಗಾಲದಲ್ಲಿ ನೆಲದ ತುಂಬ ಜೀವಗಳು ಹುಟ್ಟುತ್ತವೆ, ನಡೆದರೆ ಅವು ಸಾಯುತ್ತವೆ. ಆದ್ದರಿಂದ ಚಾತುರ್ಮಾಸದಲ್ಲಿ ಒಂದೇ ಊರಿನಲ್ಲಿ ನಿಲ್ಲಬೇಕು. ತನ್ನ ಸಂಚಾರ ಯಾರನ್ನು ತುಳಿಯುತ್ತದೆ ಎಂಬ ಪ್ರಶ್ನೆಯನ್ನು ಸಂಚಾರಿಯೇ ಕೇಳಿಕೊಳ್ಳಬೇಕೆಂಬ ಈ ವಿಧಿ ಎಲ್ಲ ಕಾಲಕ್ಕೂ ದೊಡ್ಡದು.

ಸನ್ಯಾಸದ ಮಾತು ಬೇಡ, ಹೊಟ್ಟೆಪಾಡಿನ ಮಾತೇ ಆಗಲಿ ಎನ್ನುವವರು ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾರರನ್ನು ನೋಡಬೇಕು. ಕುರಿಗಳ ಹಿಂದೆ ತಿಂಗಳುಗಟ್ಟಲೆ ತಿರುಗುವ ಈ ಕುಟುಂಬಗಳ ಸಂಸಾರ ಒಂದೆರಡು ಕುದುರೆ ಅಥವಾ ಕತ್ತೆಗಳ ಬೆನ್ನ ಮೇಲೆ ಕೂರುತ್ತದೆ: ಕಂಬಳಿ, ಅಡುಗೆಯ ಪಾತ್ರೆ, ಹಿಟ್ಟಿನ ಚೀಲ, ಕುರಿಗಳ ಸುತ್ತ ಕಟ್ಟುವ ಬಲೆ, ನಡೆಯಲಾರದ ಮರಿಗಳು. ಸುಗ್ಗಿ ಮುಗಿದ ಹೊಲಗಳಲ್ಲಿ ರೈತರು ಇವರನ್ನು ಕರೆದು ಕುರಿ ನಿಲ್ಲಿಸಿಕೊಳ್ಳುತ್ತಾರೆ. ರಾತ್ರಿಯೆಲ್ಲ ಬಿದ್ದ ಹಿಕ್ಕೆ, ಗಂಜಳದಿಂದ ನೆಲಕ್ಕೆ ಗೊಬ್ಬರವಾಗುತ್ತದೆ, ಕೂಳೆ ತಿಂದು ಕುರಿಗಳ ಹೊಟ್ಟೆ ತುಂಬುತ್ತದೆ, ಕುರಿಗಾರರಿಗೆ ಕಾಳೋ ಹಣವೋ ಸಿಗುತ್ತದೆ. ಅಲೆಮಾರಿ ಬಂದು ಹೋದ ಹೊಲ, ಅವನು ಬರದ ಹೊಲಕ್ಕಿಂತ ಚೆನ್ನಾಗಿ ಬೆಳೆಯುತ್ತದೆ. ಇಷ್ಟು ಚೊಕ್ಕವಾದ ಕೊಡುಕೊಳ್ಳುವಿಕೆ ಬೇರೆಲ್ಲೂ ಸುಲಭಕ್ಕೆ ಕಾಣದು.

ಈ ಅಳತೆಗೋಲನ್ನು ಹಿಡಿದು ಇಂದಿನ ಡಿಜಿಟಲ್ ಅಲೆಮಾರಿಯ ಬಳಿಗೆ ಬರಬಹುದು. ಜಪಾನಿನ ತ್ಸುಗಿಯೊ ಮಾಕಿಮೊಟೊ ಮತ್ತು ಬ್ರಿಟನ್ನಿನ ಡೇವಿಡ್ ಮ್ಯಾನರ್ಸ್ 1997ರಲ್ಲೇ ಇದೇ ಹೆಸರಿನ ಪುಸ್ತಕ ಬರೆದು, ತಂತ್ರಜ್ಞಾನ ಮನುಷ್ಯನನ್ನು ಮತ್ತೆ ಅಲೆಮಾರಿಯಾಗಿಸಬಲ್ಲದು ಎಂದು ವಾದಿಸಿದ್ದರು. ಕೋವಿಡ್ ಬಂದ ಮೇಲೆ ಅದು ಸಾಮಾನ್ಯ ನೋಟವಾಯಿತು. ವಿಮಾನದ ಕ್ಯಾಬಿನ್‌ಗೆ ಬಿಡುವ ಏಳು ಕಿಲೋದೊಳಗೆ ಲ್ಯಾಪ್‌ಟಾಪ್, ಚಾರ್ಜರ್, ನಾಲ್ಕು ಜೊತೆ ಬಟ್ಟೆ. ಈ ತಿಂಗಳು ಚಿಯಾಂಗ್ ಮಾಯ್, ಮುಂದಿನ ತಿಂಗಳು ಬಾಲಿ. ಬೆಂಗಳೂರಿನ ಎಷ್ಟೋ ತರುಣ ತರುಣಿಯರೂ ಈ ದಾರಿ ಹಿಡಿದಿದ್ದಾರೆ.

ಇವರ ಚೀಲ ಹಗುರ, ನಿಜ. ಆದರೆ ಗಡಿಯಲ್ಲಿ ಇವರನ್ನು ಒಳಗೆ ಬಿಡುವುದು ಚೀಲ ಹಗುರವಿದೆ ಎಂಬ ಕಾರಣಕ್ಕಲ್ಲ. ಪೋರ್ಚುಗಲ್ 2022ರ ಅಕ್ಟೋಬರಿನಲ್ಲಿ ದೂರದಿಂದ ದುಡಿಯುವವರಿಗಾಗಿ ವೀಸಾ ಆರಂಭಿಸಿದಾಗ, ಅರ್ಜಿದಾರರ ಆದಾಯ ಆ ದೇಶದ ಕನಿಷ್ಠ ವೇತನದ ನಾಲ್ಕು ಪಟ್ಟಾದರೂ ಇರಬೇಕೆಂದು ವಿಧಿಸಿತು. 2024ರಲ್ಲಿ ಅಲ್ಲಿನ ಕನಿಷ್ಠ ವೇತನ ತಿಂಗಳಿಗೆ 820 ಯೂರೋ. ಹೊರಗಿನಿಂದ ಬರುವವರು ತೋರಿಸಬೇಕಾಗಿದ್ದು 3,280 ಯೂರೋ. ಥಾಯ್ಲೆಂಡ್ ಅದೇ ವರ್ಷ ತಂದ ವೀಸಾಕ್ಕೆ ಬ್ಯಾಂಕಿನಲ್ಲಿ ಐದು ಲಕ್ಷ ಬಾತ್ ಇರಬೇಕು. ಅಂದರೆ ವಸ್ತುಗಳನ್ನು ಬಿಟ್ಟು ಬದುಕುವ ಅನುಮತಿ ಸಿಗುವುದು, ಬೇಕೆಂದಾಗ ವಸ್ತುಗಳನ್ನು ಕೊಳ್ಳಬಲ್ಲವರಿಗೆ. ಕುರ್ಚಿ, ಮಂಚ, ಪಾತ್ರೆ, ಗೋಡೆ ಎಲ್ಲವೂ ಬಾಡಿಗೆಗೆ ಸಿಗುವಷ್ಟು ಹಣವಿದ್ದರೆ ಸ್ವಂತದ್ದು ಬೇಕಾಗುವುದಿಲ್ಲ. ಅದನ್ನು ಜೈನರ ಅಪರಿಗ್ರಹ, ಅಂದರೆ ಏನನ್ನೂ ತನ್ನದೆಂದು ಇಟ್ಟುಕೊಳ್ಳದ ವ್ರತ, ಎನ್ನಲಾಗದು.

ಬಾಡಿಗೆ ಕೊಟ್ಟ ಮೇಲೆ ಲೆಕ್ಕ ಚುಕ್ತಾ ಆಯಿತಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಬಾಡಿಗೆ ಸೇರುವುದು ಮನೆಯ ಮಾಲೀಕನಿಗೆ, ಅದೇ ಬೀದಿಯಲ್ಲಿ ಮನೆ ಹುಡುಕುತ್ತಿರುವ ಶಾಲಾ ಶಿಕ್ಷಕಿಗಲ್ಲ. 2023ರ ಏಪ್ರಿಲ್‌ನಲ್ಲಿ ಲಿಸ್ಬನ್‌ನ ಜನ ವಾಸಕ್ಕೆ ಮನೆ ಬೇಕೆಂದು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. 2025ರ ಜುಲೈನಲ್ಲಿ ಮೆಕ್ಸಿಕೊ ನಗರದಲ್ಲೂ ಅಂಥದೇ ಸಿಟ್ಟು ಹೊರಬಿತ್ತು. ಎಲ್ಲ ತಪ್ಪನ್ನೂ ಲ್ಯಾಪ್‌ಟಾಪ್ ಹೊತ್ತವರ ತಲೆಗೆ ಕಟ್ಟುವುದು ಅನ್ಯಾಯ. ಪ್ರವಾಸಿಗರ ಅಲ್ಪಾವಧಿ ಬಾಡಿಗೆ, ಹೂಡಿಕೆದಾರರ ಹಣ, ಸಾಕಷ್ಟು ಮನೆ ಕಟ್ಟದ ಸರ್ಕಾರಗಳು ಇದರಲ್ಲಿ ದೊಡ್ಡ ಪಾಲುದಾರರು. ಆದರೂ ಒಂದು ಮಾತು ಉಳಿಯುತ್ತದೆ. ಕುರಿಗಾರ ಬಂದುಹೋದ ಹೊಲದಲ್ಲಿ ಮುಂದಿನ ಬೆಳೆ ಚೆನ್ನಾಗಿ ಬರುತ್ತದೆ. ಇವರು ಬಂದುಹೋದ ಬೀದಿಯಲ್ಲಿ ಮುಂದಿನ ಬಾಡಿಗೆದಾರನಿಗೆ ಮನೆ ಇನ್ನಷ್ಟು ದುಬಾರಿಯಾಗಿರುತ್ತದೆ.

ಇನ್ನು ಆಯ್ಕೆಯೇ ಇಲ್ಲದೆ ಕಡಿಮೆಯಲ್ಲಿ ಬದುಕುವವರು. ಅಮೆರಿಕದಲ್ಲಿ 2008ರ ಆರ್ಥಿಕ ಕುಸಿತದ ನಂತರ ಮನೆ, ಉಳಿತಾಯ ಕಳೆದುಕೊಂಡ ಅನೇಕ ವೃದ್ಧರು ವ್ಯಾನುಗಳನ್ನೇ ಮನೆ ಮಾಡಿಕೊಂಡರು. ಪತ್ರಕರ್ತೆ ಜೆಸ್ಸಿಕಾ ಬ್ರೂಡರ್ ಈ ವೃದ್ಧರ ಜೊತೆ ತಿರುಗಿ 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಬರೆದರು. ಅದನ್ನು ಆಧರಿಸಿದ ಚಲನಚಿತ್ರಕ್ಕೆ 2021ರಲ್ಲಿ ಆಸ್ಕರ್ ಬಂತು. ಅರವತ್ತು, ಎಪ್ಪತ್ತು ದಾಟಿದವರು ಹಬ್ಬದ ದಿನಗಳಲ್ಲಿ ಅಮೆಜಾನ್ ಗೋದಾಮುಗಳಲ್ಲಿ, ಕೊಯ್ಲಿನ ಕಾಲಕ್ಕೆ ಸಕ್ಕರೆ ಬೀಟ್ ರಾಶಿಗಳಲ್ಲಿ, ಬೇಸಿಗೆಯಲ್ಲಿ ಕ್ಯಾಂಪು ಮೈದಾನಗಳಲ್ಲಿ ದುಡಿಯುತ್ತಿದ್ದರು. ಅವರ ನಡುವೆ ಸ್ನೇಹವಿತ್ತು, ಬಯಲಿನ ಖುಷಿಯೂ ಇತ್ತು. ಹಾಗೆಂದು ಅವರ ಪುಟ್ಟ ವ್ಯಾನನ್ನು ಸರಳ ಬದುಕಿನ ಆದರ್ಶವೆಂದು ಮೆರೆಸುವುದು ಕ್ರೂರ. ಬೇಡವೆಂದು ಬಿಟ್ಟವನ ಕೈಗೂ ಕಿತ್ತುಕೊಳ್ಳಲ್ಪಟ್ಟವನ ಕೈಗೂ ವ್ಯತ್ಯಾಸವಿದೆ: ಒಬ್ಬ ಮರಳಿ ಹೋಗಬಲ್ಲ, ಇನ್ನೊಬ್ಬ ಹೋಗಲಾರ.

ಕರ್ನಾಟಕಕ್ಕೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಡಿ ಬ್ರಿಟಿಷರು ಅಲೆಮಾರಿ ಸಮುದಾಯಗಳನ್ನು ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿದರು. ಮುಂದೆ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅವರನ್ನು ಕೂಡಿಹಾಕುವ ಸೆಟ್ಲ್‌ಮೆಂಟುಗಳು ಎದ್ದವು. ಹಾಜರಿ ಹಾಕದೆ, ಅನುಮತಿ ಇಲ್ಲದೆ ಹೊರಗೆ ಕಾಲಿಡುವಂತಿರಲಿಲ್ಲ. ಪಟ್ಟಿ ರದ್ದಾದದ್ದು 1952ರಲ್ಲಿ. ಹುಬ್ಬಳ್ಳಿಯಲ್ಲಿ ಆ ಜಾಗಕ್ಕೆ ಇಂದಿಗೂ ‘ಸೆಟ್ಲ್‌ಮೆಂಟ್’ ಎಂದೇ ಹೆಸರು. ಆಸ್ತಿಯಿಲ್ಲದೆ ತಿರುಗುವುದೇ ಅಪರಾಧವಾಗಿದ್ದ ನೆಲ ಇದು. ಇಲ್ಲಿನ ಅಲೆಮಾರಿಗಳು ಈಗ ದೇಶದ ಗಡಿಯನ್ನೂ ದಾಟುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಗಿಡಮೂಲಿಕೆ ಔಷಧ ಮಾರುತ್ತ ಆಫ್ರಿಕಾದ ಊರೂರು ಸುತ್ತುವ ಇವರೂ ಕೆಲಸ ಮಾಡುತ್ತ ದೇಶ ತಿರುಗುವ ಅಲೆಮಾರಿಗಳೇ. ಇವರಿಗೆ ಯಾವ ದೇಶವೂ ವಿಶೇಷ ವೀಸಾ ರೂಪಿಸಿಲ್ಲ.

ಇಷ್ಟೆಲ್ಲ ಹೇಳಿದ್ದು ಹಗುರವಾಗಿ ಬದುಕುವುದು ಸುಳ್ಳೆಂದು ಸಾಧಿಸಲಿಕ್ಕಲ್ಲ. ಬೀರುಗಳು ತುಂಬಿ ಅಟ್ಟಕ್ಕೇರಿದ ಸಾಮಾನಿನ ನಡುವೆ ಬದುಕುವ ಮಧ್ಯಮ ವರ್ಗಕ್ಕೆ ಈ ಪಾಠ ಬೇಕೇ ಬೇಕು. ಆದರೆ ಮನುಷ್ಯ ಕಡಿಮೆ ಹೊತ್ತು ನಡೆಯಬಲ್ಲದ್ದು ದಾರಿಯಲ್ಲಿ ಎಲ್ಲರಿಗೂ ಸೇರಿದ ಏನಾದರೂ ಇದ್ದಾಗ. ಬೇಸಿಗೆಯ ಅರವಟ್ಟಿಗೆ, ಊರ ಛತ್ರ, ಮಠದ ದಾಸೋಹ, ಸಾಲುಮರ ಇವು ಇದ್ದುದರಿಂದಲೇ ಈ ನಾಡಿನ ದಾರಿಹೋಕ ನೀರು, ನೆರಳು, ಅನ್ನ ಹೊತ್ತು ತಿರುಗಬೇಕಾಗಿರಲಿಲ್ಲ. ಇಂದಿನ ಕಾಲಕ್ಕೆ ಅದರ ರೂಪ ಸಾರ್ವಜನಿಕ ಗ್ರಂಥಾಲಯ, ಬಸ್ಸು, ಸರ್ಕಾರಿ ಆಸ್ಪತ್ರೆ. ಚೀಲ ಹಗುರ ಮಾಡಿಕೊಂಡವರು ಇವುಗಳಿಗೆ ತಮ್ಮ ಪಾಲು ಸಲ್ಲಿಸಬೇಕು: ಇಳಿದ ಊರಿನಲ್ಲಿ ವಾರವಲ್ಲ, ಒಂದು ಋತುವಾದರೂ ನಿಲ್ಲಬೇಕು, ಅಲ್ಲಿನ ಮಾತು ಕಲಿಯಬೇಕು, ಅಲ್ಲಿನ ತೆರಿಗೆ ಕಟ್ಟಬೇಕು, ತಮ್ಮ ಕಸುಬನ್ನು ಅಲ್ಲಿನ ಮಕ್ಕಳಿಗೆ ಹೇಳಿಕೊಡಬೇಕು.

ಸರ್ಕಾರದ ಪಾಲೂ ಇದೆ. ಒಂದು ದೇಶ, ಒಂದು ಪಡಿತರ ಚೀಟಿ ಯೋಜನೆ 2022ರ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳನ್ನು ತಲುಪಿತು. ಕೂಲಿಗೆ ಊರು ಬಿಟ್ಟವರಿಗೆ ಇದ್ದಲ್ಲೇ ಅಕ್ಕಿ ಸಿಗುವ ದಾರಿಯಾಯಿತು. ಅಕ್ಕಿಯ ಹಕ್ಕು ಮನುಷ್ಯನ ಜೊತೆ ನಡೆಯಬಹುದಾದರೆ ಶಾಲೆ, ಚಿಕಿತ್ಸೆ, ಮತದಾನದ ಹಕ್ಕುಗಳೂ ನಡೆಯಬಹುದು. ಕುರಿಗಳ ಹಿಂದೆ ಹೊರಟ ಮಗುವಿನ ಹಾಜರಿಯನ್ನು ಮುಂದಿನ ಊರಿನ ಶಾಲೆ ಬರೆದುಕೊಳ್ಳಲಿ, ಗೋಮಾಳಗಳು ನಿವೇಶನಗಳಾಗದೆ ಮೇವಿಗೆ ಉಳಿಯಲಿ. ಲ್ಯಾಪ್‌ಟಾಪ್ ಹೊತ್ತು ಬರುವವರನ್ನು ಸ್ವಾಗತಿಸಲು ಯೋಜನೆ ಹಾಕುವ ಮುನ್ನ ಸರ್ಕಾರ ಈ ಎರಡು ಕೆಲಸಗಳನ್ನು ಮಾಡಿ ಮುಗಿಸಲಿ.